‘ತರಿಶು’ ಎಂದು ಬರೆದ ಪದವುಗಳಲ್ಲಿ ಏನಿದೆ? ಕಾಸರಗೋಡಿನ ಮುರಕಲ್ಲು ನೆಲ, ಬನ ಮತ್ತು ಕಲ್ಲುಹೂವು

ಕಾಸರಗೋಡಿನ ಓದುಗರು ಕಳೆದ ಕೆಲವು ವರ್ಷಗಳಲ್ಲಿ ಮೂರು ಸುದ್ದಿಗಳನ್ನು ಬೇರೆ ಬೇರೆಯಾಗಿ ಓದಿದ್ದಾರೆ. 2021ರ ಫೆಬ್ರವರಿಯಲ್ಲಿ ಪೈವಳಿಕೆ, ಮೀಂಜ ಮತ್ತು ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆ ಜಾಗದಲ್ಲಿ ಹರಡಿರುವ 50 ಮೆಗಾವ್ಯಾಟ್ ಸೌರ ವಿದ್ಯುತ್ ಸ್ಥಾವರದ ಉದ್ಘಾಟನೆಯಾಯಿತು. 2023ರಲ್ಲಿ ಜಿಲ್ಲೆಯು ತನ್ನದೇ ಆದ ಮರ, ಹೂವು, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿಕೊಂಡು, ಹಾಗೆ ಮಾಡಿದ ದೇಶದ ಮೊದಲ ಜಿಲ್ಲೆ ಎನಿಸಿತು. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ರಾಜಸ್ಥಾನದ ದೇವರ ಕಾಡುಗಳನ್ನು ಒಂದೊಂದಾಗಿ ಗುರುತಿಸಿ ಅರಣ್ಯವೆಂದು ದಾಖಲಿಸಬೇಕೆಂದು ಆದೇಶಿಸಿತು. ಇಡೀ ದೇಶದ ದೇವರ ಕಾಡುಗಳಿಗೆ ಒಂದು ನೀತಿ ರೂಪಿಸುವಂತೆಯೂ ಕೇಂದ್ರಕ್ಕೆ ಶಿಫಾರಸು ಮಾಡಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಗೊಂದಲವಾಗುವುದು ಸಹಜ. ನಾಲ್ಕು ಸೆಂಟ್ಸಿನ ನಾಗಬನ ಕಾಡಾಗಬಹುದಾದರೆ, ಅದರ ಪಕ್ಕದಲ್ಲೇ ನೂರಾರು ಎಕರೆ ಹರಡಿರುವ ಹುಲ್ಲಿನ ಪದವು, ಅಂದರೆ ಗುಡ್ಡದ ನೆತ್ತಿಯ ಸಮತಟ್ಟು ಬಯಲು, ಕಂದಾಯದ ಕಡತದಲ್ಲಿ ಏಕೆ ‘ತರಿಶು’, ಅಂದರೆ ಸೌರ ಸ್ಥಾವರಕ್ಕೆ ಕೊಡಬಹುದಾದ ಪಾಳು ನೆಲ? ಜಿಲ್ಲೆಯ ಹೂವೆಂದು ಆರಿಸಿದ ಪೆರಿಯ ಪೊಳತ್ತಾಳಿ ಬೆಳೆಯುವುದು ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಗುಡ್ಡಗಳ ನಡುವೆ ಮಳೆಗಾಲದಲ್ಲಷ್ಟೇ ಹರಿಯುವ ಕಲ್ಲು ತೋಡಿನಲ್ಲಿ. ಹಾಗಿರುವಾಗ ಆ ತೋಡಿಗೆ ನೀರು ಕೊಡುವ ನೆಲದ ಗತಿಯೇನು? ಉತ್ತರ ಹುಡುಕಬೇಕಾದರೆ ಕಂದಾಯದ ಕಡತವನ್ನೂ, ಬರಿಗಣ್ಣಿಗೆ ಕಲೆಯಂತೆ ಮಾತ್ರ ಕಾಣುವ ಒಂದು ಜೀವಿಯನ್ನೂ ಜತೆಗೇ ಓದಬೇಕಾಗುತ್ತದೆ.

ಕಡತದ ಮಾತು, ಊರಿನ ಮಾತು

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದಿನ ಮದ್ರಾಸು ಆಡಳಿತದ ಕಂದಾಯ ಪದ್ಧತಿಯಲ್ಲಿ ತೀರ್ವೆ (ಭೂ ತೆರಿಗೆ) ಕಟ್ಟುವ ಭೂಮಿ ‘ವರ್ಗ’. ತೀರ್ವೆ ಬಾರದ ಭೂಮಿ ‘ವೇಸ್ಟ್’. ಈ ಪದ ಆದಾಯದ ಲೆಕ್ಕಕ್ಕಾಗಿ ಹುಟ್ಟಿದ್ದು. ನೆಲದ ಮೇಲೆ ಏನು ಬೆಳೆಯುತ್ತದೆ ಎಂದು ನೋಡಿ ಇಟ್ಟ ಹೆಸರು ಇದಲ್ಲ. ಆದರೂ ಆ ‘ವೇಸ್ಟ್’ ನೆಲದಲ್ಲೇ ಕೃಷಿಕನಿಗೆ ಕುಮ್ಕಿಯ ಹಕ್ಕಿತ್ತು: ತನ್ನ ವರ್ಗ ಭೂಮಿಗೆ ತಾಗಿದ ಸರಕಾರಿ ಜಾಗದಿಂದ ಸೊಪ್ಪು, ಸೌದೆ ಮತ್ತು ಹುಲ್ಲು ತರಬಹುದಿತ್ತು, ದನ ಮೇಯಿಸಬಹುದಿತ್ತು. ಮಾಡಿಗೆ ಹೊದೆಸುವ ಮುಳಿ ಹುಲ್ಲು ಬರುತ್ತಿದ್ದುದೂ ಗುಡ್ಡದಿಂದಲೇ. ತೋಟ ಬದುಕಿದ್ದು ಗುಡ್ಡೆಯ ಸೊಪ್ಪಿನ ಬಲದಿಂದ ಎಂಬುದು ಆಗಿನ ಆಡಳಿತಕ್ಕೂ ಗೊತ್ತಿದ್ದ ಸಂಗತಿಯಾಗಿತ್ತು.

ರಾಜ್ಯ ಪುನರ್ವಿಂಗಡಣೆಯ ಬಳಿಕ ದಾಖಲೆಯ ಭಾಷೆ ಬದಲಾಯಿತು. ‘ವೇಸ್ಟ್’ ಮಲಯಾಳಂನ ‘ತರಿಶು’ ಆಯಿತು. ಅರ್ಥ ಮಾತ್ರ ಹಾಗೆಯೇ ಉಳಿಯಿತು. ಊರಿನವರ ಬಾಯಲ್ಲಿ ಇದೇ ನೆಲಕ್ಕೆ ಹಲವು ಹೆಸರುಗಳಿವೆ. ಗುಡ್ಡದ ನೆತ್ತಿಯ ಸಮತಟ್ಟು ಜಾಗ ಪದವು, ಬರಿಯ ಬಂಡೆ ಪಾದೆ, ಮಳೆಗಾಲದಲ್ಲಿ ನೀರು ನಿಂತು ಬೇಸಗೆಯಲ್ಲಿ ಬತ್ತುವ ತಗ್ಗು ಪಳ್ಳ, ಇಳಿಜಾರಿನ ಹುಲ್ಲುಗಾವಲು ಮುಳಿಗುಡ್ಡೆ. ಇವುಗಳ ಕೆಳಗಿನ ತೋಟ-ಗದ್ದೆಗಳ ಸಾಲು ಬೈಲು. ಬಾಯಾರುಪದವು, ಮಜೀರ್ಪಳ್ಳ ಮುಂತಾದ ಊರ ಹೆಸರುಗಳಲ್ಲಿ ಈ ಪದಗಳು ಇನ್ನೂ ಉಳಿದಿವೆ. ಗುಡ್ಡದ ನೆಲದ ಈ ಬಗೆಬಗೆಯನ್ನು ಊರು ನಾಲ್ಕು ಹೆಸರುಗಳಿಂದ ಗುರುತಿಸಿದರೆ, ಕಡತ ಒಂದೇ ಪದದಲ್ಲಿ ಮುಗಿಸುತ್ತದೆ. ಇಂದಿನ ವಿವಾದದ ಬಹುಪಾಲು ಈ ಒಂದು ಪದದಿಂದಲೇ ಹೊರಟಿದೆ.

ಕಲ್ಲಿನ ಮೇಲಿನ ಮೊದಲ ಜೀವ

ಬೇಸಗೆಯಲ್ಲಿ ಪದವಿನ ಮುರಕಲ್ಲಿನ ಮೇಲೆ ಕಪ್ಪು, ಬೂದು, ಬಿಳಿ, ಕೆಲವೆಡೆ ಅರಸಿನ ಬಣ್ಣದ ಕಲೆಗಳು ಕಾಣುತ್ತವೆ. ಜನರು ಇದನ್ನು ಪಾಚಿ ಎಂದೋ, ಹಾವಸೆ ಎಂದೋ, ಬಂಡೆಗೆ ಹಿಡಿದ ಕೊಳೆ ಎಂದೋ ಕರೆದು ಸುಮ್ಮನಾಗುತ್ತಾರೆ. ಇವುಗಳಲ್ಲಿ ಬಹಳಷ್ಟು ಲೈಕನ್‌ಗಳು, ಅಂದರೆ ಕಲ್ಲುಹೂವುಗಳು. ಮಸಾಲೆಗೆ ಹಾಕುವ ಎಲೆಯಾಕಾರದ ಕಲ್ಲುಹೂವು ಈ ಕುಲದ್ದೇ ಆದರೂ ಅದು ಹೆಚ್ಚಾಗಿ ಘಟ್ಟದ ಮೇಲಿನ ಮರಗಳಿಂದ ಬರುತ್ತದೆ; ಪದವಿನವು ಕಲ್ಲಿಗೆ ಬಳಿದ ಬಣ್ಣದಂತೆ ಅಂಟಿಕೊಂಡಿರುವ ಹೊರಪದರ ಜಾತಿಯವು, ಚೂರಿಯಿಂದ ಕೆರೆದರೂ ಇಡಿಯಾಗಿ ಏಳುವುದಿಲ್ಲ.

ಲೈಕನ್ ಒಂದೇ ಜೀವಿಯಲ್ಲ. ಒಂದು ಶಿಲೀಂಧ್ರ ತನ್ನ ಎಳೆಗಳ ನಡುವೆ ಹಸಿರು ಪಾಚಿಯನ್ನೋ ನೀಲಿ ಹಸಿರು ಬ್ಯಾಕ್ಟೀರಿಯಾವನ್ನೋ ಇಟ್ಟುಕೊಂಡು ಸಾಕುವ ಕೂಡುಬಾಳು ಅದು. ಶಿಲೀಂಧ್ರ ಆಶ್ರಯ ಕೊಡುತ್ತದೆ, ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ 1860ರ ದಶಕದ ಕೊನೆಯಲ್ಲಿ ಇದನ್ನು ಹೇಳಿದಾಗ ಸಮಕಾಲೀನರು ಒಪ್ಪಲಿಲ್ಲ. ಅನೇಕ ಲೈಕನ್‌ಗಳ ಹೊರಪದರದಲ್ಲಿ ಯೀಸ್ಟ್ ಎಂಬ ಮತ್ತೊಬ್ಬ ಪಾಲುದಾರನೂ ಇದ್ದಾನೆಂದು 2016ರಲ್ಲಿ ಗೊತ್ತಾಯಿತು. ಭಾರತದಲ್ಲಿ ಸುಮಾರು ಮೂರು ಸಾವಿರ ಜಾತಿಗಳು ದಾಖಲಾಗಿವೆ.

ಪದವಿನ ಪ್ರಶ್ನೆಗೆ ಈ ಜೀವಿ ಮುಖ್ಯವಾಗುವುದು ಮೂರು ಗುಣಗಳಿಂದ. ಮೊದಲನೆಯದಾಗಿ, ಅದಕ್ಕೆ ಬೇರಿಲ್ಲ, ನೀರನ್ನು ತಡೆದಿಡುವ ಮೇಣದ ಹೊದಿಕೆಯೂ ಇಲ್ಲ. ಬೇಕಾದುದನ್ನೆಲ್ಲ ಮಳೆ, ಮಂಜು ಮತ್ತು ಗಾಳಿಯಿಂದ ಮೈಯಿಡೀ ಹೀರಿಕೊಳ್ಳುತ್ತದೆ. ಆದುದರಿಂದಲೇ ಗಾಳಿಯಲ್ಲಿರುವ ಗಂಧಕದ ಡೈಆಕ್ಸೈಡ್, ಲೋಹದ ಕಣ, ದೂಳು ಎಲ್ಲವೂ ನೇರವಾಗಿ ಅದರ ಒಳಗೆ ಸೇರುತ್ತವೆ. ಎರಡನೆಯದಾಗಿ, ಅದು ಪೂರ್ತಿ ಒಣಗಿಯೂ ಸಾಯುವುದಿಲ್ಲ. ಬರಿಗಾಲಿಡಲಾಗದಷ್ಟು ಕಾದ ಕಲ್ಲಿನ ಮೇಲೆ ತಿಂಗಳುಗಟ್ಟಲೆ ನಿಶ್ಚೇಷ್ಟಿತವಾಗಿ ಬಿದ್ದಿದ್ದು, ಮೊದಲ ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಉಸಿರಾಟ ಆರಂಭಿಸುತ್ತದೆ. ಮೂರನೆಯದು, ಮತ್ತು ಈ ಲೇಖನದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಅದರ ನಿಧಾನ. ಹೊರಪದರ ಲೈಕನ್‌ಗಳಲ್ಲಿ ಅನೇಕವು ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲ. ಅಂಗೈ ಅಗಲದ ಒಂದು ಕಲೆ ಹಲವು ತಲೆಮಾರು ಅಲುಗದೆ ಉಳಿದ ಕಲ್ಲಿನ ಗುರುತು. ಬೇರೆ ಯಾವ ದಾಖಲೆಯೂ ಇಲ್ಲದ ಪದವಿನಲ್ಲಿ, ಈ ನೆಲವನ್ನು ಬಹುಕಾಲದಿಂದ ಯಾರೂ ಕೆರೆದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಲೈಕನ್ ಸ್ರವಿಸುವ ಆಮ್ಲಗಳು ಕಲ್ಲನ್ನು ನವುರಾಗಿ ಸಡಿಲಿಸುತ್ತವೆ. ನೀಲಿ ಹಸಿರು ಬ್ಯಾಕ್ಟೀರಿಯಾ ಇರುವ ಜಾತಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಸಡಿಲವಾದ ಕಣಗಳು, ಸತ್ತ ಪದರ, ಗಾಳಿ ತಂದ ದೂಳು ಬಂಡೆಯ ತಗ್ಗುಗಳಲ್ಲಿ ಸೇರಿ ಬೆರಳ ದಪ್ಪದ ಮಣ್ಣಾಗುತ್ತವೆ. ಪದವಿನ ಮಿಕ್ಕೆಲ್ಲ ಗಿಡಗಳು ನಿಂತಿರುವುದು ಈ ಬೆರಳ ದಪ್ಪದ ಮೇಲೆ.

ಮಳೆಯ ನಾಲ್ಕು ತಿಂಗಳು

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೀಗಾಗಿ ಪದವು ಒಂದೇ ವರ್ಷದಲ್ಲಿ ಜೌಗಿನ ಬಾಳನ್ನೂ ಮರುಭೂಮಿಯ ಬಾಳನ್ನೂ ಬಾಳುತ್ತದೆ. ಜೂನ್‌ನಲ್ಲಿ ಪಳ್ಳಗಳು ತುಂಬುತ್ತವೆ, ಹುಲ್ಲು ಚಿಗುರುತ್ತದೆ. ಜುಲೈ ಕಳೆಯುವಾಗ ಮಣ್ಣು ಕಡಮೆಯಿರುವ ಜಾಗದಲ್ಲಿ ಬಿಳಿ ಗುಂಡಿಯಂತಹ ಹೂಗಳ ಎರಿಯೊಕಾಲಾನ್ ಏಳುತ್ತದೆ. ನೀಲಿ ಯುಟ್ರಿಕ್ಯುಲೇರಿಯ ಇಡೀ ಬಂಡೆಯನ್ನು ಮುಚ್ಚುತ್ತದೆ; ಮಲಯಾಳಂ ಮಾತಾಡುವವರು ಕಾಕ್ಕಪ್ಪೂವು ಎಂದು ಓಣಂ ರಂಗವಲ್ಲಿಗೆ ಕೊಯ್ಯುವುದು ಇದನ್ನೇ. ಸೋಣ ತಿಂಗಳ ಹೊಸ್ತಿಲ ಪೂಜೆಗೆ ಬೇಕಾದ ಕಾಡು ಹೂಗಳೂ ಇದೇ ಹೊತ್ತಿಗೆ ಗುಡ್ಡೆಯಲ್ಲಿ ಅರಳುತ್ತವೆ. ಅಕ್ಟೋಬರ್ ದಾಟಿದರೆ ಬಹುತೇಕ ಎಲ್ಲವೂ ಬೀಜವಾಗಿ ಮಣ್ಣಿಗೆ ಸೇರಿರುತ್ತದೆ.

ಯುಟ್ರಿಕ್ಯುಲೇರಿಯ ಮತ್ತು ಅದರ ನೆರೆಯಲ್ಲೇ ಬೆಳೆಯುವ ಡ್ರೊಸೆರ ಎರಡೂ ಕೀಟಾಹಾರಿಗಳು. ಮೊದಲನೆಯದು ನೀರೊಳಗಿನ ಪುಟ್ಟ ಚೀಲಗಳಲ್ಲಿ, ಎರಡನೆಯದು ಎಲೆಯ ಅಂಟಿನಲ್ಲಿ ಸಣ್ಣ ಜೀವಿಗಳನ್ನು ಹಿಡಿಯುತ್ತದೆ. ಅವು ಹೀಗೆ ಮಾಡಲು ಕಾರಣ ಮಣ್ಣಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಮೆ ಇರುವುದು. ಇಲ್ಲಿಗೆ ಗೊಬ್ಬರ ಬಿದ್ದರೆ ಅಥವಾ ಹೊರಗಿನ ಮಣ್ಣು ಬಂದರೆ ನೆಲ ‘ಸುಧಾರಿಸುತ್ತದೆ’. ಆಗ ವೇಗವಾಗಿ ಬೆಳೆಯುವ ಕಳೆಗಳು ಬಂದು ಈ ಪುಟ್ಟ ಗಿಡಗಳನ್ನು ಮುಚ್ಚಿಬಿಡುತ್ತವೆ. ನೆಲದ ಬಡತನವೇ ಈ ಗಿಡಗಳನ್ನು ಉಳಿಸಿರುವುದರಿಂದ, ಒಳ್ಳೆಯ ಮನಸ್ಸಿನಿಂದ ಮಾಡಿದ ಮಣ್ಣು ಸುಧಾರಣೆಯೂ ಇಲ್ಲಿ ನಷ್ಟವಾಗುತ್ತದೆ.

ಈ ಬಗೆಯ ನೆಲದಲ್ಲಿ ಎಷ್ಟು ಹೊಸತು ಸಿಗಬಹುದು ಎಂಬುದನ್ನು ಪಕ್ಕದ ಕಣ್ಣೂರು ಜಿಲ್ಲೆಯ ಮಾಡಾಯಿಪ್ಪಾರ ತೋರಿಸಿಕೊಟ್ಟಿದೆ; ಅಲ್ಲಿ ಸಿಕ್ಕಿ ಆ ಜಾಗದ ಹೆಸರನ್ನೇ ಹೊತ್ತ ಎರಿಯೊಕಾಲಾನ್ ಮತ್ತು ಲಿಂಡರ್ನಿಯ ಜಾತಿಗಳು ವಿಜ್ಞಾನಕ್ಕೆ ಹೊಸತಾಗಿದ್ದವು. ಕಾಸರಗೋಡಿನ ಪೊಳತ್ತಾಳಿಯೂ ವೈಜ್ಞಾನಿಕವಾಗಿ ವಿವರಿಸಲ್ಪಟ್ಟಿದ್ದು 2012ರಲ್ಲಷ್ಟೇ. ಕ್ರೈನಮ್ ಮಲಬಾರಿಕಮ್ ಎಂಬ ಹೆಸರು ಪಡೆದ ಈ ಹೂವು ಪೆರಿಯದಲ್ಲಿ, ಅಂದರೆ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಊರಿನಲ್ಲೇ, ಕಣ್ಣೆದುರು ಅರಳುತ್ತಿತ್ತು.

ಮಣ್ಣು ಸ್ವಲ್ಪ ಆಳವಾಗಿರುವ ಅಂಚುಗಳಲ್ಲಿ ಕೇಪುಳ, ಕರಂಡೆ, ನೆಕ್ಕರೆ, ಕುಂಟುನೇರಳೆಗಳ ಪೊದೆಗಳು ಬರುತ್ತವೆ. ಅದರಾಚೆ ಕಾಸರಕ, ಹಾಲೆ, ರೆಂಜೆಗಳ ಕುರುಚಲು ಕಾಡು. ಜಿಲ್ಲೆಯ ಮರವೆಂದು 2023ರಲ್ಲಿ ಆರಿಸಿದ್ದು ಈ ಕಾಸರಕವನ್ನೇ. ಊರಿನ ಹೆಸರೂ ಅದರಿಂದಲೇ ಬಂದಿತೆಂಬ ಮಾತಿದೆ.

ಬನದೊಳಗಿನ ತೊಗಟೆ

ಬಂಡೆಯಿಂದ ಬನಕ್ಕೆ ಬಂದರೆ ಲೈಕನ್‌ಗಳ ಲೋಕವೇ ಬದಲಾಗುತ್ತದೆ. ನೆರಳು ಮತ್ತು ತೇವ ಇರುವ ಹಳೆಯ ನಾಗಬನದ ತೊಗಟೆಯ ಮೇಲೆ, ಯಾರೋ ಸಣ್ಣ ಅಕ್ಷರಗಳಲ್ಲಿ ಗೀಚಿದಂತೆ ಕಾಣುವ ಗ್ರಾಫಿಡೇಸಿ ಕುಟುಂಬದ ಲೈಕನ್‌ಗಳು ಸಿಗುತ್ತವೆ. ತಗ್ಗು ನಾಡಿನ ಉಷ್ಣವಲಯದ ಕಾಡುಗಳ ಗುರುತು ಇವು. ಬನದ ಅಂಚಿನ ಮರಗಳನ್ನು ಕಡಿದರೆ ಒಳಗೆ ಬಿಸಿಲು, ಒಣಗಾಳಿ ನುಗ್ಗುತ್ತವೆ. ಮರ ನಿಂತೇ ಇರುತ್ತದೆ, ಆದರೆ ಅದರ ಮೈಮೇಲಿನ ನೆರಳು ಜಾತಿಗಳು ಕ್ರಮೇಣ ಹೋಗಿ, ರಸ್ತೆ ಬದಿಯ ಮಾವು ಮತ್ತು ತೆಂಗಿನ ಮೇಲೆ ಕಾಣುವ ಪಿಕ್ಸಿನೆ, ಡಿರಿನೇರಿಯಗಳಂತಹ ಬಿಸಿಲು ಜಾತಿಗಳು ಬಂದು ಕೂರುತ್ತವೆ. ಮರಗಳ ಎಣಿಕೆ ಮಾಡಿದವರಿಗೆ ಬನ ಹಾಗೆಯೇ ಇದೆ ಎಂದು ತೋರುತ್ತದೆ. ತೊಗಟೆ ನೋಡಬಲ್ಲವರಿಗೆ ಬನ ಒಳಗಿನಿಂದ ಬರಿದಾಗಿರುವುದು ತಿಳಿಯುತ್ತದೆ. ಭಕ್ತಿಯ ಹೆಸರಿನಲ್ಲೇ ಮರ ತೆಗೆದು ಕಾಂಕ್ರೀಟಿನ ಕಟ್ಟೆ ಕಟ್ಟಿಸಿ, ಸುತ್ತ ನೆಲಹಾಸು ಹಾಕಿಸುವ ರೂಢಿ ತುಳುನಾಡಿನಲ್ಲಿ ಹಬ್ಬಿರುವುದರಿಂದ ಈ ಬದಲಾವಣೆಯನ್ನು ಯಾವ ಕೋರ್ಟಿನ ಆದೇಶವೂ ತಾನಾಗಿ ತಡೆಯಲಾರದು ಎಂಬುದನ್ನೂ ದುಃಖದಿಂದಲೇ ಒಪ್ಪಬೇಕು.

ಅಡಕೆ ಕೃಷಿಕರ ಒಂದು ಸಂದೇಹಕ್ಕೂ ಇಲ್ಲೇ ಉತ್ತರ ಹೇಳಬಹುದು. ಅಡಕೆ ಮರದ ಮೈಮೇಲಿನ ಬಿಳಿ ಮಚ್ಚೆಗಳು ರೋಗವಲ್ಲ. ಲೈಕನ್ ತೊಗಟೆಯ ಹೊರಮೈಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಮರದ ಸಾರವನ್ನು ಹೀರುವುದಿಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ಶಿಲೀಂಧ್ರನಾಶಕವಾದುದರಿಂದ ಲೈಕನ್‌ಗೂ ಮಾರಕ. ಮಚ್ಚೆ ಕಂಡಿತೆಂದು ಕಾಂಡಕ್ಕೆ ಬೇರೆಯಾಗಿ ದ್ರಾವಣ ಹೊಡೆಯುವುದರಿಂದ ಬೆಳೆಗೆ ಯಾವ ಲಾಭವೂ ಇಲ್ಲ.

ಯಾರ ವಾದ ಏನು?

ಸೌರ ವಿದ್ಯುತ್ತಿನ ಪರವಾದ ವಾದ ಹಗುರವಾದದ್ದಲ್ಲ. ಕೇರಳ ತನಗೆ ಬೇಕಾದ ವಿದ್ಯುತ್ತಿನ ಬಹುಪಾಲನ್ನು ಹೊರಗಿನಿಂದ ಕೊಳ್ಳುತ್ತದೆ, ದೇಶವು 2030ರ ಹೊತ್ತಿಗೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ, ಮತ್ತು ಹವಾಮಾನ ಬದಲಾದರೆ ಪದವಿನ ಗಿಡಗಳಿಗೂ ಉಳಿಗಾಲವಿಲ್ಲ. ಪೈವಳಿಕೆಯ ಲೆಕ್ಕದಲ್ಲಿ ಒಂದು ಮೆಗಾವ್ಯಾಟಿಗೆ ಸುಮಾರು ಐದು ಎಕರೆ ಬೇಕು. ಜನವಸತಿ ದಟ್ಟವಾಗಿರುವ ರಾಜ್ಯದಲ್ಲಿ ಇಷ್ಟು ಜಾಗ ಒಟ್ಟಿಗೆ ಸಿಗುವುದು ಇಂತಹ ಗುಡ್ಡದ ನೆತ್ತಿಯಲ್ಲೇ. ಕೃಷಿಭೂಮಿಯನ್ನು ಕಿತ್ತುಕೊಳ್ಳುವುದಕ್ಕಿಂತ ಇದು ನ್ಯಾಯ ಎಂಬುದು ಯೋಜಕರ ಮಾತು.

ಮುರಕಲ್ಲಿನ ಕೋರೆಯವರ ವಾದವೂ ಬದುಕಿನದು. ಕರಾವಳಿಯ ಮನೆಗಳ ಗೋಡೆ ಎದ್ದಿರುವುದು ಈ ಕಲ್ಲಿನಿಂದ. ಕಡಿಯುವವರು, ಹೇರುವವರು, ಸಾಗಿಸುವವರು ಬಹಳ ಮಂದಿ. ಭೂರಹಿತರಿಗೆ ಮನೆ ನಿವೇಶನ ಹಂಚಬೇಕಾದ ಆಡಳಿತಕ್ಕೂ ಕಣ್ಣಿಗೆ ಬೀಳುವುದು ತರಿಶು ಭೂಮಿಯೇ. ಗಿಡ ನೆಡುವ ಉತ್ಸಾಹಿಗಳು ಬೋಳು ಪದವನ್ನು ಹಸುರಾಗಿಸುವುದೇ ಸೇವೆ ಎಂದು ನಂಬಿದ್ದಾರೆ. ಇವರೆಲ್ಲರ ಎದುರು ಸಸ್ಯವಿಜ್ಞಾನಿಗಳು ಮತ್ತು ಬೈಲಿನ ಕೃಷಿಕರು ನಿಂತಿದ್ದಾರೆ. ಮೊದಲಿನವರಿಗೆ ಗಿಡದ ಚಿಂತೆ, ಎರಡನೆಯವರಿಗೆ ನೀರಿನ ಚಿಂತೆ. ಮುಂದೆ ಕಾಣುವಂತೆ ಈ ಎರಡು ಚಿಂತೆಗಳೂ ಒಂದೇ ಕಲ್ಲಿನಲ್ಲಿ ಕೂಡುತ್ತವೆ.

ಗಿಡ ನೆಡುವವರ ವಾದವನ್ನು ಮಾತ್ರ ಇಲ್ಲಿಯೇ ತಳ್ಳಿಹಾಕಬೇಕಾಗುತ್ತದೆ. ಅಕೇಶಿಯ ನೆಟ್ಟ ಪದವಿನಲ್ಲಿ ಎಲೆಯ ಹಾಸು ದಪ್ಪವಾಗಿ ಬಿದ್ದು ಬಿಸಿಲು ಬೇಡುವ ಹುಲ್ಲು, ಎರಿಯೊಕಾಲಾನ್, ಬಂಡೆಯ ಲೈಕನ್ ಮೂರೂ ಮುಚ್ಚಿಹೋಗುತ್ತವೆ. ಬಯಲು ಬಯಲಾಗಿಯೇ ಇದ್ದಾಗ ಬದುಕುವ ಸಮುದಾಯಕ್ಕೆ ನೆರಳು ಕೊಡುವುದು ಉಪಕಾರವಾಗಲಾರದು.

ಕಾನೂನಿನ ಜಾಲರಿಯಲ್ಲಿ ಉಳಿದ ತೂತು

1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟು, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದೆಲ್ಲಕ್ಕೂ ಅರಣ್ಯ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ ಎಂದಿತ್ತು. 2023ರ ತಿದ್ದುಪಡಿ ಇದನ್ನು ದಾಖಲಾದ ಅರಣ್ಯಕ್ಕೆ ಸೀಮಿತಗೊಳಿಸಲು ಹೊರಟಿತು. 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ ಕೋರ್ಟು ಸದ್ಯಕ್ಕೆ ನಿಘಂಟಿನ ಅರ್ಥವನ್ನೇ ಉಳಿಸಿತು. ಬನಕ್ಕೆ ಇದರಿಂದ ಭರವಸೆಯಿದೆ. ಪದವಿಗೆ ಇಲ್ಲ, ಏಕೆಂದರೆ ಯಾವ ನಿಘಂಟೂ ಹುಲ್ಲಿನ ಬಂಡೆಯನ್ನು ಅರಣ್ಯ ಎನ್ನುವುದಿಲ್ಲ.

ಅಳತೆಯ ಕ್ರಮವೂ ಇದನ್ನೇ ಗಟ್ಟಿಮಾಡುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಕನಿಷ್ಠ ಒಂದು ಹೆಕ್ಟೇರಿನಲ್ಲಿ ಶೇಕಡಾ 10ರಷ್ಟು ಮರಗಳ ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ. ರಬ್ಬರ್ ತೋಟವೂ ತೆಂಗಿನ ತೋಟವೂ ಅದರಲ್ಲಿ ಸೇರುತ್ತವೆ. ಹೀಗಾಗಿ ಪದವನ್ನು ಅಗೆದು ರಬ್ಬರ್ ನೆಟ್ಟರೆ ಜಿಲ್ಲೆಯ ಅರಣ್ಯ ಹೊದಿಕೆ ಕಾಗದದಲ್ಲಿ ಹೆಚ್ಚುತ್ತದೆ. ಇನ್ನೊಂದೆಡೆ, 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ವ್ಯಾಪ್ತಿಗೆ ಸೌರ ಫಲಕದ ಯೋಜನೆಗಳು ಬರುವುದಿಲ್ಲ. ಹೊಗೆ ಉಗುಳದ ಉದ್ಯಮಕ್ಕೆ ತಡೆ ಬೇಡವೆಂಬ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಪರಿಣಾಮವಾಗಿ, ನೂರಾರು ಎಕರೆ ಪದವಿನಲ್ಲಿ ಏನಿದೆ ಎಂದು ಕೆಲಸ ಆರಂಭಿಸುವ ಮೊದಲು ನೋಡಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ.

ಪದವು ಹೋದರೆ ಬೈಲಿಗೆ ಏನಾಗುತ್ತದೆ?

ಮುರಕಲ್ಲು ತೂತುತೂತಾದ ಕಲ್ಲು. ಪದವಿನ ಮೇಲೆ ಬಿದ್ದ ಮಳೆ ಪಳ್ಳಗಳಲ್ಲಿ ನಿಂತು, ಬಿರುಕುಗಳಲ್ಲಿ ಇಳಿದು, ಕಲ್ಲಿನೊಳಗಿನಿಂದ ನಿಧಾನವಾಗಿ ಜಿನುಗುತ್ತದೆ. ಕಾಸರಗೋಡಿನ ಕೃಷಿಕರು ಗುಡ್ಡದ ಮಗ್ಗುಲನ್ನು ಅಡ್ಡವಾಗಿ ಕೊರೆದು ಮಾಡಿದ ಸುರಂಗಗಳು ಈ ಜಿನುಗನ್ನೇ ಹಿಡಿಯುತ್ತವೆ. ಪಂಪು, ವಿದ್ಯುತ್ತು ಯಾವುದೂ ಬೇಡದೆ ಬೇಸಗೆಯಲ್ಲೂ ಅಡಕೆ ತೋಟಕ್ಕೆ ನೀರು ಬರುವುದು ಮೇಲಿನ ಪದವು ಮಳೆಗಾಲದಲ್ಲಿ ನೀರು ಕುಡಿದಿದ್ದರೆ ಮಾತ್ರ.

ಈಗ ಕಾರಣ-ಪರಿಣಾಮಗಳನ್ನು ಒಂದೊಂದಾಗಿ ಜೋಡಿಸಬಹುದು. ಕೋರೆಗಾಗಿ ಮೊದಲು ತೆಗೆಯುವುದು ಮೇಲ್ಮಣ್ಣನ್ನು ಮತ್ತು ಗಟ್ಟಿಯಾದ ಮೇಲ್ಪದರವನ್ನು. ಮುಂದಿನ ವರ್ಷ ಮೊಳೆಯಬೇಕಾದ ಅಷ್ಟೂ ಬೀಜ ಆ ಮೇಲ್ಮಣ್ಣಿನಲ್ಲಿದೆ, ಅಷ್ಟೂ ಲೈಕನ್ ಆ ಮೇಲ್ಪದರದ ಮೇಲಿದೆ. ಕೋರೆಯ ಹೊಂಡದಲ್ಲೂ ನೀರು ನಿಲ್ಲುತ್ತದೆಯಾದರೂ, ಬೆರಳಾಳದ ನೀರಿಗೆ ಒಗ್ಗಿಕೊಂಡ ಪಳ್ಳದ ಗಿಡಗಳು ಆಳಾಳ ಹೊಂಡದಲ್ಲಿ ಬದುಕಲಾರವು. ಸೌರ ಸ್ಥಾವರದಲ್ಲಿ ಹಾನಿಯ ಪ್ರಮಾಣ ಕಟ್ಟುವ ವಿಧಾನವನ್ನು ಅವಲಂಬಿಸಿದೆ. ನೆಲವನ್ನು ತಟ್ಟು ಮಾಡಿ, ಪಳ್ಳ ಮುಚ್ಚಿ, ದಾರಿಗೆ ಜಲ್ಲಿ ಹಾಸಿದರೆ ಮಳೆ ಇಂಗುವ ಬದಲು ಒಮ್ಮೆಗೇ ಇಳಿಜಾರಿಗೆ ನುಗ್ಗುತ್ತದೆ: ಮಳೆಗಾಲದಲ್ಲಿ ತೋಡು ಉಕ್ಕುತ್ತದೆ, ಬೇಸಗೆಯಲ್ಲಿ ಸುರಂಗ ಸೊರಗುತ್ತದೆ. ನೆಲದ ಏರುತಗ್ಗನ್ನು ಮುಟ್ಟದೆ, ಪಳ್ಳಗಳನ್ನು ಬಿಟ್ಟು, ಫಲಕಗಳ ಸಾಲುಗಳ ನಡುವೆ ಅಗಲವಾದ ಬಯಲು ಉಳಿಸಿ ಕಂಬ ನೆಟ್ಟರೆ ಬಹಳಷ್ಟು ಗಿಡಗಳಿಗೆ ಉಳಿಯುವ ಅವಕಾಶವಿದೆ. ಇದಕ್ಕೆ ಹೆಚ್ಚು ಜಾಗ ಮತ್ತು ಹಣ ಬೇಕಾಗುತ್ತದೆ ಎಂಬುದೂ ನಿಜ.

ಮೇಲಿನ ನೆಲದಲ್ಲಿ ಮಾಡಿದ್ದು ಕೆಳಗಿನ ಬೈಲಿಗೆ ಇಳಿದು ಬರುತ್ತದೆ ಎಂಬುದನ್ನು ಈ ಜಿಲ್ಲೆಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಎಣ್ಮಕಜೆಯಂತಹ ಪಂಚಾಯತುಗಳ ಮನೆಗಳನ್ನೂ ನೀರನ್ನೂ ಮುಟ್ಟಿತು. ಆಗಲೂ ಗುಡ್ಡವನ್ನು ಖಾಲಿ ಜಾಗವೆಂದೇ ಎಣಿಸಲಾಗಿತ್ತು.

ಸಮೀಕ್ಷೆಯ ತಿಂಗಳು

ಹಾಗೆಂದು ಎಲ್ಲ ಪದವುಗಳನ್ನೂ ಮುಟ್ಟಬಾರದು ಎಂದು ಹೇಳುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಈಗಾಗಲೇ ಕಲ್ಲು ತೆಗೆದು ಬಿಟ್ಟ ಕೋರೆಗಳಿವೆ, ತೋಟಕ್ಕಾಗಿ ಅಗೆದ ಗುಡ್ಡಗಳಿವೆ, ಸರಕಾರಿ ಕಟ್ಟಡಗಳ ಮಾಡುಗಳಿವೆ. ಸೌರ ಫಲಕಕ್ಕೆ ಮೊದಲು ನೋಡಬೇಕಾದುದು ಇವನ್ನು. ಉಳಿದ ಪದವುಗಳಲ್ಲಿ ಯಾವುದು ಮುರಿಯದ ಹಳೆಯ ನೆಲ, ಯಾವುದು ಮೊದಲೇ ಕೆಟ್ಟ ನೆಲ ಎಂದು ಬೇರ್ಪಡಿಸಬೇಕು. ಬಂಡೆಯ ಲೈಕನ್ ಹೊದಿಕೆ ಆ ಕೆಲಸಕ್ಕೆ ಸುಲಭವಾದ ಮೊದಲ ಗುರುತಾಗಬಲ್ಲದು. ಕೆರೆದ ಕಲ್ಲು ಬಹುಕಾಲ ಹೊಸ ಕೆಂಪಾಗಿಯೇ ಉಳಿಯುವುದರಿಂದ, ಅದನ್ನು ಓದಲು ಪ್ರಯೋಗಾಲಯ ಬೇಕಾಗಿಲ್ಲ.

ಇದಕ್ಕೆ ಹೊಸ ಕಾಯಿದೆಯೂ ಬೇಡ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ವಿಶೇಷ ಜಾಗಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ಅಧಿಕಾರ ಅದೇ ಕಾಯಿದೆಯ 37ನೇ ವಿಧಿಯಲ್ಲಿ ರಾಜ್ಯ ಸರಕಾರಕ್ಕಿದೆ. ಪದವು, ಪಾದೆ, ಪಳ್ಳ, ಮುಳಿಗುಡ್ಡೆ ಎಂಬ ಹೆಸರುಗಳೊಂದಿಗೆ ಜಾಗಗಳನ್ನು ಬೇರೆ ಬೇರೆಯಾಗಿ ಆ ದಾಖಲೆಯಲ್ಲಿ ಬರೆಯಿಸಲು ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಹಿರಿಯರ ನೆನಪು ಇನ್ನೂ ಲಭ್ಯವಿದೆ.

ತಿಂಗಳ ಆಯ್ಕೆಯೂ ಅಷ್ಟೇ ಮುಖ್ಯ. ಗಾಡಿ ಏರುವುದಕ್ಕೂ ಅಳತೆಗೂ ಅನುಕೂಲವೆಂದು ಮಾರ್ಚ್-ಏಪ್ರಿಲ್‌ನಲ್ಲಿ ಗುಡ್ಡ ಹತ್ತಿದವರಿಗೆ ಕಾಣುವುದು ಒಣಹುಲ್ಲು, ಸುಟ್ಟ ಕಲ್ಲು ಮತ್ತು ಬತ್ತಿದ ತಗ್ಗು ಮಾತ್ರ. ಅವರು ಆ ದಿನ ಕಂಡದ್ದನ್ನು ಬರೆದರೆ ‘ತರಿಶು’ ಎಂಬ ಪದ ಸರಿಯೆಂದೇ ತೋರುತ್ತದೆ. ಅದೇ ಜಾಗವನ್ನು ಜೂನ್ ಕೊನೆಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಮತ್ತು ಅಕ್ಟೋಬರಿನಲ್ಲಿ ಬೀಜ ಬಲಿಯುವ ಹೊತ್ತಿಗೆ ಇನ್ನೊಮ್ಮೆ ನೋಡಿ ಬರೆದ ಪಟ್ಟಿಯನ್ನು ಜಾಗ ಹಂಚುವ ಕಡತಕ್ಕೆ ಲಗತ್ತಿಸುವಂತೆ ಪಂಚಾಯತು ಕೇಳಬಹುದು.